ಸಂಬಳ ಕೊಡುವ ನಾಯಕ, ಒಲಿಯುವ ಜೊತೆಗಾತಿ: ಆರ್‌ಪಿಜಿಯಲ್ಲಿ ಈ ಲೆಕ್ಕ ಹೇಗೆ ಕೂಡಿಸೋದು?

ಹಾದಿಮನೆ ಕೇಳಿದ ಪ್ರಶ್ನೆ

ಮೇಲಿನಿಂದ ನೋಡುವ 2ಡಿ ಆರ್‌ಪಿಜಿಯೊಂದಕ್ಕೆ (ಪಾತ್ರ ವಹಿಸಿ ಆಡುವ ವಿಡಿಯೋ ಗೇಮ್) ಡೈಲಾಗ್ ಬರೆಯುವ ಕೆಲಸ ನಡೀತಿದೆ. ಆಟಗಾರ ಬಾಡಿಗೆ ಸೈನಿಕರ ಸಣ್ಣ ಪಡೆಗೆ ನಾಯಕ ಅಥವಾ ನಾಯಕಿ. ಜೊತೆಗಾರರು ಆರು ಮಂದಿ, ಮೂವರ ಜೊತೆ ಪ್ರೇಮಕ್ಕೆ ದಾರಿ ಇದೆ. ಬರೀತಿರೋದು ಇಂಕ್ ಅನ್ನೋ, ಕವಲೊಡೆಯುವ ಕತೆ ಬರೆಯುವ ಸ್ಕ್ರಿಪ್ಟ್ ಭಾಷೆಯಲ್ಲಿ, ಒಬ್ಬೊಬ್ಬರಿಗೆ 12,000 ಪದಗಳ ಮಿತಿ.

ಈಗಿರುವ ವ್ಯವಸ್ಥೆ ಎಲ್ಲರಿಗೂ ಗೊತ್ತಿರೋದೇ. -100ರಿಂದ +100ರವರೆಗೆ ಅಪ್ರೂವಲ್ ಅಂಕ, ಅಂದರೆ ಜೊತೆಗಾರರಿಗೆ ನಾಯಕ ಎಷ್ಟು ಹಿಡಿಸಿದ್ದಾನೆ ಅನ್ನೋ ಲೆಕ್ಕ. 60 ದಾಟಿದರೆ ರಾತ್ರಿ ಕ್ಯಾಂಪ್‌ನಲ್ಲಿ ಪ್ರೇಮದ ಮಾತು ಶುರು. ತೊಡಕು ಇಲ್ಲೇ ಇದೆ. ಈ ನಾಯಕ ಸಂಬಳ ಕೊಡುವವನು. ಯಾರು ಮುಂದಿನ ಸಾಲಿನಲ್ಲಿ ನಿಲ್ಲಬೇಕು, ಒಳ್ಳೆಯ ಕವಚ ಯಾರಿಗೆ, ಯಾರನ್ನ ಪಡೆಯಿಂದ ತೆಗೀಬೇಕು, ಎಲ್ಲ ಅವನ ಕೈಯಲ್ಲೇ. ಉಡುಗೊರೆ ಕೊಟ್ಟು, ಅವಳಿಗೆ ಹಿತವಾಗುವ ಉತ್ತರವನ್ನೇ ಆರಿಸ್ತಾ ಹೋದರೆ ಅವಳು ಡೇರೆಗೆ ಬಂದುಬಿಡ್ತಾಳೆ. ಆಡಿ ನೋಡಿದವರು "ಇವಳಿಗೆ ಬೇಡ ಅನ್ನೋಕೆ ದಾರಿ ಎಲ್ಲಿತ್ತು?" ಅಂತ ಕೇಳ್ತಿದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ಸಲಹೆ ಬೇಕಿರೋದು ಇಷ್ಟಕ್ಕೆ. ಅಂಕವನ್ನ ಹೇಗೆ ಮುರಿದು ಕಟ್ಟಬೇಕು? ನಿರಾಕರಣೆಯನ್ನ ಹೇಗೆ ಬರೀಬೇಕು? ಒಪ್ಪಿದ ಮೇಲೂ ನಾಯಕ ಆಜ್ಞೆ ಕೊಡ್ತಾನೇ ಇರ್ತಾನಲ್ಲ, ಅದನ್ನ ಏನು ಮಾಡೋದು? ಇಷ್ಟೆಲ್ಲ ತಲೆನೋವಿನ ಬದಲು, ಒಪ್ಪಂದ ಮುಗಿಯೋತನಕ ಪ್ರೇಮಕ್ಕೇ ಬೀಗ ಹಾಕಿಬಿಟ್ಟರೆ ಆಯ್ತಾ? ಹಳೆಯ ಆಟಗಳು ಏನು ಮಾಡಿವೆ, ಎಲ್ಲಿ ಎಡವಿವೆ ಅನ್ನೋದನ್ನ ಬಿಡಿಸಿ ಹೇಳಿದರೆ ಉಪಕಾರ.

---

ಕಬ್ಬಿಣದಕಡಲೆ ಉತ್ತರ

ಅಂಕದ ವಿಷಯದಿಂದಲೇ ಶುರು ಮಾಡ್ತೀನಿ, ಉಳಿದ ಅರ್ಧ ಸಮಸ್ಯೆ ಅಲ್ಲಿಂದಲೇ ಹುಟ್ಟೋದು.

ನೀವು ಬಳಸ್ತಿರೋದು 2009ರ ಡ್ರ್ಯಾಗನ್ ಏಜ್: ಆರಿಜಿನ್ಸ್‌ನ ಅಳತೆಗೋಲು, -100ರಿಂದ +100. ಅದರಲ್ಲಿ ಉಡುಗೊರೆ ಕೊಟ್ಟಷ್ಟೂ ಅಂಕ ಏರುತ್ತೆ, ಒಬ್ಬರಿಗೇ ಮತ್ತೆ ಮತ್ತೆ ಕೊಟ್ಟರೆ ಏರಿಕೆ ಕಮ್ಮಿಯಾಗ್ತಾ ಬರುತ್ತೆ. ಆ ಇಳಿಕೆ ಇಟ್ಟಿದ್ದು ಆಟದ ಸಮತೋಲಕ್ಕೆ. ಪಾತ್ರದ ಮನಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಜಗಳ ಆಡಿ ಕಳೆದುಕೊಂಡ ಅಂಕವನ್ನ ಅಂಗಡಿಯಿಂದ ತಂದ ಸಾಮಾನಿನಲ್ಲಿ ತುಂಬಿಕೊಳ್ಳಬಹುದು. ಸಾಲದು ಅಂತ, ಒಂದೇ ಸಲಕ್ಕೆ ಭಾರಿ ಅಂಕ ಕೊಡುವ ಹಬ್ಬದ ಉಡುಗೊರೆಗಳನ್ನ ಆಮೇಲೆ ದುಡ್ಡಿಗೆ ಡಿಎಲ್‌ಸಿಯಾಗಿ (ಆಟಕ್ಕೆ ಆಮೇಲೆ ಸೇರಿಸೋ ಡೌನ್‌ಲೋಡ್) ಮಾರಿದರು! ಅಷ್ಟಾದ ಮೇಲೆ ಆ ಅಂಕ ಏನನ್ನ ಅಳೀತಿದೆ ಅಂತ ಕೇಳುವ ಹಾಗೇ ಇಲ್ಲ.

2011ರ ಡ್ರ್ಯಾಗನ್ ಏಜ್ 2 ಇದಕ್ಕೆ ಒಂದು ಮದ್ದು ಹುಡುಕಿತು. ಒಂದು ತುದಿ ಗೆಳೆತನ, ಇನ್ನೊಂದು ತುದಿ ಪೈಪೋಟಿ. ಯಾವ ತುದಿ ಕಡೆ ಹೋದರೂ ಪ್ರೇಮ ಸಾಧ್ಯ, ಸತ್ತುಹೋಗೋದು ನಡುವಿನ ಉದಾಸೀನ ಮಾತ್ರ. ಜೊತೆಗಾತಿ ಇಸಬೆಲಾ ಕತೆಯ ಎರಡನೇ ಭಾಗದ ಕೊನೆಗೆ ಬೆನ್ನು ತೋರಿಸಿ ಹೋದವಳು ವಾಪಸ್ ಬರ್ತಾಳೋ ಇಲ್ಲವೋ ಅನ್ನೋದಕ್ಕೂ ಇದೇ ಲೆಕ್ಕ. ಎರಡರಲ್ಲಿ ಒಂದು ಸಾಕಷ್ಟು ಗಟ್ಟಿಯಾಗಿದ್ದರೆ ಬರ್ತಾಳೆ. ಆಟಗಾರ ಹೌದಪ್ಪ ಆಗಬೇಕಿಲ್ಲ ಅನ್ನೋದು ಇದರ ದೊಡ್ಡ ಗೆಲುವು. ಎಡವಿದ್ದು ಇನ್ನೊಂದು ಕಡೆ: ಜನ ಪೈಪೋಟಿಯನ್ನೂ ಅಂಕವಾಗಿಯೇ ಬೇಟೆಯಾಡಿದರು. ನಡುವೆ ಮನಸ್ಸು ಬದಲಾಯಿಸಿದರೆ ಎರಡೂ ಕಡೆ ಸಲ್ಲದೆ ಸೊನ್ನೆ ಹತ್ತಿರ ಸಿಕ್ಕಿಕೊಂಡು ಕೂರೋ ಪಾಡು.

ನಿಮ್ಮ ಆಟಕ್ಕೆ ಒಂದರ ಜಾಗದಲ್ಲಿ ಮೂರು ವೇರಿಯಬಲ್ ಇಡಿ, ಮೂರೂ 0ರಿಂದ 10. ಒಲವು, ನಂಬಿಕೆ, ಹಂಗು.

ಒಲವು ಅಂದರೆ ಆ ವ್ಯಕ್ತಿ ಜೊತೆ ಇರೋದು ಅವಳಿಗೆ ಹಿತವಾ ಅನ್ನೋದು. ಜೋಕು, ಒಂದೇ ರುಚಿ, ಸೋತು ಬಂದ ದಿನದ ಮಾತುಕತೆಯಿಂದ ಏರುತ್ತೆ. ನಂಬಿಕೆ ಅಂದರೆ ತಾನು ಎದುರು ಮಾತಾಡಿದರೆ ಈ ನಾಯಕ ಸೇಡು ತೀರಿಸಿಕೊಳ್ಳಲ್ಲ ಅನ್ನುವ ಖಾತ್ರಿ. ಇದು ಏರೋದಕ್ಕೆ ಒಂದೇ ದಾರಿ ಇಡಿ. ಅವಳು ಆಜ್ಞೆ ಮೀರಬೇಕು ಅಥವಾ ತಕರಾರು ಎತ್ತಬೇಕು, ನಾಯಕ ಅದನ್ನ ಅರಗಿಸಿಕೊಳ್ಳಬೇಕು. ಹಂಗು ಏರೋದು ಉಡುಗೊರೆ, ಮುಂಗಡ ಸಂಬಳ, ಜೀವ ಉಳಿಸಿದ್ದು, ಅವಳ ಸಾಲ ತೀರಿಸಿದ್ದು, ಇಂಥದ್ದರಿಂದ.

ಅಂಕ ಹಂಚೋ ರೀತಿ: ಮೊದಲ ಎರಡು ಉಡುಗೊರೆಗೆ ಒಲವು +1, ಹಂಗು +1. ಮೂರನೆಯದರಿಂದ ಹಂಗು ಮಾತ್ರ +1. ಜೀವ ಉಳಿಸಿದರೆ ಹಂಗು +2. ಅವಳು ತಿರುಗಿ ನಾಯಕನನ್ನ ಉಳಿಸಿದರೆ, ಸಾಲ ತೀರಿಸಿದರೆ ಅಥವಾ ತನ್ನದೇ ಕ್ವೆಸ್ಟ್‌ನ (ಆಟದೊಳಗಿನ ಕಾರ್ಯ) ಕೊನೇ ಹೆಜ್ಜೆಯನ್ನ ನಾಯಕನಿಲ್ಲದೆ ಮುಗಿಸಿದರೆ ಹಂಗು -2. ಪ್ರೇಮದ ಮಾತು ತೆರೆಯೋದು ಒಲವು 6, ನಂಬಿಕೆ 5 ದಾಟಿ, ಹಂಗು 3ರ ಒಳಗಿದ್ದಾಗ. ಈ ಅಂಕಿಗಳೇ ಸರಿ ಅಂತಲ್ಲ, ಕ್ವೆಸ್ಟ್ ಎಷ್ಟಿವೆ ನೋಡಿ ಹೊಂದಿಸಿಕೊಳ್ಳಿ. ಹಂಗನ್ನ ಇಳಿಸೋ ಕನಿಷ್ಠ ಮೂರು ಸಂದರ್ಭ ಕತೆಯಲ್ಲಿರಲಿ, ಇಲ್ಲದಿದ್ದರೆ ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದ ಆಟಗಾರನೇ ಬಾಗಿಲು ಮುಚ್ಚಿಕೊಂಡ ಹಾಗಾಗುತ್ತೆ.

ಕೆಡುವ ಜಾಗ ಯಾವುದು ಅಂದರೆ, ಆರು ಜನಕ್ಕೆ ಮೂರರಂತೆ 18 ವೇರಿಯಬಲ್ ಆಗುತ್ತೆ. ಪ್ರತಿ ಸಾಲಿನಲ್ಲೂ ಅವನ್ನ ಪರೀಕ್ಷಿಸೋಕೆ ಹೋದರೆ ಟೆಸ್ಟಿಂಗ್ ಮುಗಿಯೋದೇ ಇಲ್ಲ. ಒಬ್ಬರಿಗೆ ನಾಲ್ಕೇ ಕಡೆ ಪರೀಕ್ಷೆ ಇಡಿ, ಮಿಕ್ಕ ಕಡೆ ಅಂಕ ಬದಲಾಗಲಿ, ಅಷ್ಟೆ. "ಈ ಮಾತು ಆಗಿದೆಯಾ" ಅಂತ ತಿಳಿಯೋಕೆ ಬೇರೆ ಫ್ಲ್ಯಾಗ್ (ಹೌದು-ಇಲ್ಲ ಗುರುತು) ಹುಟ್ಟಿಸಬೇಡಿ. ಇಂಕ್ ಪ್ರತಿ ನಾಟ್‌ಗೆ (ಹೆಸರಿಟ್ಟ ಕತೆಯ ತುಣುಕು) ಎಷ್ಟು ಸಲ ಬಂದಿರಿ ಅನ್ನೋದನ್ನ ತಾನೇ ಎಣಿಸಿಕೊಳ್ಳುತ್ತೆ, ಅದನ್ನೇ ಬಳಸಿ. ಅಂಕಗಳನ್ನ ತೆರೆಯ ಮೇಲೆ ತೋರಿಸಲೇಬೇಡಿ. ಹಂಗು 5 ದಾಟಿದಾಗ ಅವಳು ಉಡುಗೊರೆಯನ್ನ ವಾಪಸ್ ಕೊಡಲಿ, ಇಲ್ಲ ಹೆಂಡದ ಅಂಗಡಿಯಲ್ಲಿ ತನ್ನ ಪಾಲು ತಾನೇ ಎಣಿಸಿ ಇಡಲಿ. ಎರಡು ಸಾಲು ಸಾಕು, ಆಟಗಾರನಿಗೆ ತಿಳಿಯುತ್ತೆ.

---

ಇರುಳುಗಾವಲು ಉತ್ತರ

ಕಡಲೆಯವರೇ, ಮೂರು ವೇರಿಯಬಲ್ ಒಪ್ಪಿದೆ. ಆದರೆ ಹಂಗು ಜಾಸ್ತಿ ಇದ್ದರೆ ಬಾಗಿಲೇ ತೆರೆಯೋದಿಲ್ಲ ಅನ್ನೋದು ತೀರಾ ಮಡಿ ಆಯ್ತು. ಜನ ಹಂಗಿನಿಂದಲೂ ಹಾಸಿಗೆಗೆ ಬರ್ತಾರೆ, ಭಯದಿಂದಲೂ ಬರ್ತಾರೆ, ಲೆಕ್ಕ ಹಾಕಿಯೂ ಬರ್ತಾರೆ. ಅದನ್ನ ಅಳಿಸಿಬಿಟ್ಟರೆ ಈ ವಿಷಯದ ಕತೆಯೇ ಅಳಿಸಿಹೋಗುತ್ತೆ.

2023ರ ಬಾಲ್ಡರ್ಸ್ ಗೇಟ್ 3ರ ಜೊತೆಗಾರ ಆಸ್ಟೇರಿಯನ್‌ನ ನೋಡಿ. ಕ್ಯಾಜಡೋರ್ ಅನ್ನುವ ರಕ್ತಪಿಶಾಚಿಯ ಕೆಳಗೆ 200 ವರ್ಷ ಗುಲಾಮ, ತನ್ನ ಮೈಯನ್ನೇ ಬಲೆ ಮಾಡಿ ಒಡೆಯನಿಗೆ ಬೇಟೆ ತಂದುಕೊಡೋದೇ ಕೆಲಸ. ಕತೆಯ ಮೊದಲ ಭಾಗದಲ್ಲಿ ಅವನೇ ಮೇಲೆ ಬಿದ್ದು ಬರ್ತಾನೆ. ಆಟಗಾರ ಗೆದ್ದೆ ಅಂದುಕೊಳ್ತಾನೆ. ನಿಜ ಏನು ಅಂದರೆ, ಪಾರ್ಟಿಯ (ಜೊತೆಗಾರರ ಗುಂಪಿನ) ನಾಯಕನನ್ನ ಒಲಿಸಿಕೊಂಡರೆ ತನಗೆ ರಕ್ಷಣೆ ಸಿಗುತ್ತೆ ಅನ್ನೋದು ಅವನ ಲೆಕ್ಕ. ಕಡಲೆಯವರ ಬೀಗ ಇದ್ದಿದ್ದರೆ ಈ ರಾತ್ರಿ ನಡೀತಾನೇ ಇರಲಿಲ್ಲ.

ಇದರ ಪರೀಕ್ಷೆ ಬರೋದು ಕತೆಯ ಎರಡನೇ ಭಾಗದಲ್ಲಿ. ಮೂನ್‌ರೈಸ್ ಟವರ್ಸ್‌ನಲ್ಲಿ ಆರಾಜ್ ಅನ್ನುವ ರಕ್ತದ ವ್ಯಾಪಾರಿ "ಇವನು ನನ್ನ ಕಚ್ಚಲಿ" ಅಂತಾಳೆ. ಅವನಿಗೆ ಅಸಹ್ಯ. ಅವಳು ಕೇಳೋದು ಅವನನ್ನಲ್ಲ, ಒಡೆಯನನ್ನ ಕೇಳೋ ಹಾಗೆ ನಿಮ್ಮನ್ನ. ಕಚ್ಚಿದರೆ ಶಕ್ತಿ ಶಾಶ್ವತವಾಗಿ +2 ಆಗುವ ಮದ್ದು ಸಿಗುತ್ತೆ. ಆಟದಲ್ಲಿ ಅದು ಸಣ್ಣ ಲಂಚವಲ್ಲ! ಅವನ ಮಾತಿಗೆ ಬೆಲೆ ಕೊಟ್ಟು ಬಿಟ್ಟರೆ, ಆಮೇಲೆ ಅವನೇ ಬಂದು ಮೊದಲು ಆಡಿದ್ದೆಲ್ಲ ನಾಟಕ ಅಂತ ಒಪ್ಪಿಕೊಳ್ತಾನೆ, ಸಂಬಂಧ ಹೊಸದಾಗಿ ಶುರುವಾಗುತ್ತೆ. ನೂಕಿದರೆ ಅದು ಮುರಿದು ಬೀಳುವ ದಾರಿ ಹಿಡಿಯುತ್ತೆ. ಸಂಬಂಧದ ತೂಕವನ್ನೆಲ್ಲ ಈ ಒಂದು ಆಜ್ಞೆಯ ಮೇಲೆ ನಿಲ್ಲಿಸಿದ್ದಾರೆ. ಲಂಚ ಇಲ್ಲದಿದ್ದರೆ ಇದು ಪರೀಕ್ಷೆಯೇ ಆಗ್ತಿರಲಿಲ್ಲ. ಒಳ್ಳೆಯ ಉತ್ತರ ಪುಕ್ಕಟೆ ಸಿಕ್ಕರೆ ಯಾರು ಬೇಕಾದರೂ ಒಳ್ಳೆಯವರೇ.

ಹಾಗಾಗಿ ನನ್ನ ಸಲಹೆ ಇದು. ಒಪ್ಪಿಗೆ ಎರಡು ಸಲ ಬರಲಿ. ಮೊದಲ ಸಲ ಒಪ್ಪಿದಾಗ ಯಾಕೆ ಒಪ್ಪಿದಳು ಅನ್ನೋದನ್ನ ಇಂಕ್‌ನ ಲಿಸ್ಟ್‌ನಲ್ಲಿ ಬರೆದಿಡಿ: ಒಲವು, ಹಂಗು, ಲೆಕ್ಕ. ಕಡಲೆಯವರ ಅಂಕಗಳೇ ಅದನ್ನ ತೀರ್ಮಾನಿಸಲಿ. ಆ ರಾತ್ರಿಯ ದೃಶ್ಯ ಹೊರಗಿನಿಂದ ಹೆಚ್ಚುಕಮ್ಮಿ ಒಂದೇ ಇರಲಿ, ಬೆಳಗಿನ ನಾಲ್ಕು ಸಾಲು ಮಾತ್ರ ಬೇರೆ. ಹಂಗಿನಿಂದ ಬಂದವಳು ಆಟಗಾರ ಏಳೋದಕ್ಕೆ ಮೊದಲೇ ಕಾವಲಿಗೆ ಹೋಗಿರ್ತಾಳೆ. ಎರಡು ಮೂರು ಕ್ವೆಸ್ಟ್ ಆದ ಮೇಲೆ ಆರಾಜ್‌ನಂಥ ಒಂದು ಸಂದರ್ಭ, ಲಂಚದ ಸಮೇತ. ಎರಡನೇ ಒಪ್ಪಿಗೆ ಅದರ ಆಚೆ.

ಅದೇ ಆಟದ ಜೊತೆಗಾತಿ ಶ್ಯಾಡೋಹಾರ್ಟ್ ವಿಷಯ ಇನ್ನೂ ನೇರ. ಸೆರೆಯಲ್ಲಿರುವ ನೈಟ್‌ಸಾಂಗ್‌ಳನ್ನ ಕೊಲ್ಲಬೇಕಾ ಬಿಡಬೇಕಾ ಅನ್ನುವ ಹೊತ್ತಲ್ಲಿ, ಅಲ್ಲೀತನಕ ಅವಳ ನಂಬಿಕೆ ಗಳಿಸಿದ್ದರೆ, ನೀವು ತೀರ್ಮಾನವನ್ನ ಅವಳಿಗೇ ಬಿಟ್ಟರೆ ಸಾಕು, ಈಟಿಯನ್ನ ತಾನೇ ಎಸೀತಾಳೆ. ನಾಯಕನಿಗೆ ಸುಮ್ಮನಿರೋದೂ ಒಂದು ಆಯ್ಕೆ ಅಂತ ಬರೆದಿಟ್ಟಿದ್ದಾರಲ್ಲ, ಅದನ್ನ ಕದೀರಿ. ಡೈಲಾಗ್ ಪಟ್ಟಿಯಲ್ಲಿ "ಏನೂ ಹೇಳಬೇಡ" ಅನ್ನೋದು ಆಲಸ್ಯದ ಆಯ್ಕೆಯಾಗಿ ಕಾಣಬಾರದು, ಅಷ್ಟೇ ಎಚ್ಚರ. ಅದಕ್ಕೂ ಒಂದು ಪೂರ್ತಿ ಉತ್ತರ ಬರೀರಿ.

ಇನ್ನು ತಿರುಗುಮುರುಗು. ಕತೆಯ ಮೂರನೇ ಭಾಗದಲ್ಲಿ 7,007 ಆತ್ಮಗಳನ್ನ ಬಲಿ ಕೊಡುವ ವಿಧಿ ಮುಗಿಸೋಕೆ ಆಸ್ಟೇರಿಯನ್‌ಗೆ ನೀವು ಕೈಜೋಡಿಸಿದರೆ, ಅವನು ಒಡೆಯನಾಗಿ ನಿಮ್ಮನ್ನೇ ತನ್ನ ಅಡಿಯಾಳು ಮಾಡಿಕೊಳ್ಳೋಕೆ ಬರ್ತಾನೆ. ಕೆಲವರಿಗೆ ಅದೇ ಇಷ್ಟ, ಇರಲಿ ಬಿಡಿ. ಅಧಿಕಾರ ಕೈ ಬದಲಾಯಿಸಿದ ಮಾತ್ರಕ್ಕೆ ಸಂಬಂಧ ಸಮ ಆಗಲ್ಲ ಅಂತ ಆಟ ಅಲ್ಲಿ ಮುಲಾಜಿಲ್ಲದೆ ತೋರಿಸುತ್ತೆ.

---

ಪಡೆಬರಹ ಉತ್ತರ

ನಿಮ್ಮದು ಪಡೆ ಆಗಿರುವುದರಿಂದ ಆಜ್ಞೆಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಇಲ್ಲಿ ಹೆಚ್ಚು ಕಲಿಯಬೇಕಾದದ್ದು ಮಾಸ್ ಎಫೆಕ್ಟ್ ಸರಣಿಯಿಂದ, ಒಳ್ಳೆಯದೂ ಕೆಟ್ಟದ್ದೂ.

2007ರ ಮೊದಲ ಆಟದಲ್ಲಿ ಆಟಗಾರನ ಪಾತ್ರವಾದ ಶೆಪರ್ಡ್ ಕಮಾಂಡರ್, ಆಶ್ಲಿ ಮತ್ತು ಕೈಡನ್ ಕೆಳಗಿನವರು. ಸೇನೆಯಲ್ಲಿ ಇಂಥ ಸಂಬಂಧಕ್ಕೆ ಅಡ್ಡಿ ಇದೆ ಎಂದು ಮಾತಿನಲ್ಲಿ ಬಂದುಹೋಗುತ್ತದೆ, ಆದರೆ ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ವರ್ಮೈರ್ ಗ್ರಹದಲ್ಲಿ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಉಳಿಸಬಹುದು. ಉಳಿಸಿದವರು ಪ್ರೇಮಿಯೇ ಆಗಿರಬಹುದು. ಪಡೆಯೊಂದರಲ್ಲಿ ಇದಕ್ಕಿಂತ ದೊಡ್ಡ ಬಿರುಕು ಬೇರೆ ಇಲ್ಲ. ಆಟ ಅದನ್ನು ಉಳಿದವರ ಅಪರಾಧಿ ಭಾವಕ್ಕೆ ಇಳಿಸಿ ಮುಂದೆ ಸಾಗಿಬಿಡುತ್ತದೆ. ಹಡಗಿನ ಮಿಕ್ಕ ಜನ "ನಾಳೆ ನಮ್ಮ ಸರದಿ ಬಂದರೆ?" ಎಂದು ಗುಸುಗುಸು ಮಾತಾಡಿದ್ದರೆ ಆ ದೃಶ್ಯಕ್ಕೆ ಬೇರೆಯೇ ತೂಕ ಬರುತ್ತಿತ್ತು. ನೀವು ಅದನ್ನು ಬರೆಯಿರಿ.

2010ರ ಎರಡನೇ ಭಾಗದಲ್ಲಿ ಒಂದು ಅಪರೂಪದ ಸಂಗತಿ ಇದೆ. ಹೊರೈಜ಼ನ್‌ನಲ್ಲಿ ಮತ್ತೆ ಭೇಟಿಯಾದಾಗ, ಹಿಂದಿನ ಪ್ರೇಮಿಯಾಗಿದ್ದರೂ, ಆಶ್ಲಿ ಅಥವಾ ಕೈಡನ್ ಶೆಪರ್ಡ್ ಜೊತೆ ಬರಲು ಒಪ್ಪುವುದಿಲ್ಲ. ಶೆಪರ್ಡ್ ಈಗ ಸರ್ಬರಸ್ ಸಂಘಟನೆಯ ಹಡಗಿನಲ್ಲಿದ್ದಾರೆ, ಆಶ್ಲಿ, ಕೈಡನ್ ನಿಷ್ಠೆ ಸೇನೆಗೆ. 2012ರ ಮೂರನೇ ಭಾಗದಲ್ಲಿ ಸಿಟಡೆಲ್ ಬಾಹ್ಯಾಕಾಶ ನಿಲ್ದಾಣದ ದಂಗೆಯ ಹೊತ್ತಿಗೆ ಅವರೇ ಶೆಪರ್ಡ್ ಎದುರು ಬಂದೂಕು ಹಿಡಿದು ನಿಲ್ಲುತ್ತಾರೆ. ಅಲ್ಲಿಯವರೆಗೆ ನಂಬಿಕೆ ಗಟ್ಟಿಯಾಗಿರದಿದ್ದರೆ ಕೊಲ್ಲಬೇಕಾಗಿಯೂ ಬರಬಹುದು. ಹಡಗಿಗೆ ವಾಪಸ್ ಸೇರುವ ಮಾತು ಆಮೇಲೆ. ಈ ಇಬ್ಬರಿಗೆ ನಾಯಕನ ಕೈಗೆ ಸಿಗದ ಇನ್ನೊಂದು ನೆಲೆ ಇದೆ. ಮೂರು ಭಾಗಗಳಲ್ಲಿ ಆಟಗಾರನಿಗೆ ಎದುರು ನಿಲ್ಲುವ ತ್ರಾಣ ಬಂದದ್ದು ಆ ನೆಲೆಯಿಂದಲೇ. ನಿಮ್ಮ ಮೂವರಿಗೂ ಇಂಥ ಒಂದೊಂದು ನೆಲೆ ಕೊಡಿ: ಬೇರೆ ಪಡೆಯಿಂದ ಬಂದ ಕರೆ, ಕೈಯಲ್ಲಿ ಕಸುಬು, ಮನೆ, ಅಥವಾ ನಾಯಕನಿಗಿಂತ ಮೇಲಿನವರ ಜೊತೆ ನೇರ ಸಂಪರ್ಕ. ಅದು ಹಿನ್ನೆಲೆ ಕತೆಯಲ್ಲಿ ಕೂತರೆ ಪ್ರಯೋಜನವಿಲ್ಲ. ಆಟದ ನಡುವೆ ಒಮ್ಮೆಯಾದರೂ ಅವಳು ನಾಲ್ಕು ದಿನ ಅಲ್ಲಿಗೆ ಹೋಗಿ ಬರಬೇಕು, ಪಾರ್ಟಿ ಮೆನುವಿನಲ್ಲಿ ಅವಳ ಹೆಸರು ಮಸುಕಾಗಿರಬೇಕು.

ಅಧಿಕಾರವನ್ನು ಮುಚ್ಚಿಡದೆ ವೇದಿಕೆಗೇ ತಂದ ಉದಾಹರಣೆ ಬೇಕೆಂದರೆ 2014ರ ಡ್ರ್ಯಾಗನ್ ಏಜ್: ಇನ್‌ಕ್ವಿಸಿಶನ್‌ನ ಬ್ಲ್ಯಾಕ್‌ವಾಲ್. ಅವನು ತಾನು ಹೇಳಿಕೊಂಡ ಮನುಷ್ಯನೇ ಅಲ್ಲ, ಹಳೆಯ ಕೊಲೆಗಳಿಗೆ ಹೊಣೆಗಾರನಾದ ಟಾಮ್ ರೇನಿಯರ್ ಎಂದು ವಾಲ್ ರೊಯೋ ನಗರದಲ್ಲಿ ಬಯಲಾಗುತ್ತದೆ. ನೀವು ನಿಮ್ಮ ನೇತೃತ್ವದ ಇನ್‌ಕ್ವಿಸಿಶನ್ ಸಂಸ್ಥೆಯ ಪ್ರಭಾವ ಬಳಸಿ ಅವನನ್ನು ಬಿಡಿಸಿ ತರಬಹುದು. ತಂದ ಮೇಲೆ ನಿಮ್ಮ ಕೋಟೆ ಸ್ಕೈಹೋಲ್ಡ್‌ನ ಸಿಂಹಾಸನದಲ್ಲಿ ಕೂತು, ಸಂಕೋಲೆ ತೊಟ್ಟ ಅವನಿಗೆ ತೀರ್ಪು ಕೊಡಬೇಕು, ನೀವು ಅವನ ಪ್ರೇಯಸಿಯಾಗಿದ್ದರೂ. ಬಿಡುಗಡೆ ಮಾಡಿದರೂ ಅದು ಒಡತಿಯ ದಯೆಯಾಗಿಯೇ ಕಾಣುತ್ತದೆ, ಅವನಿಗೂ ಸಭೆಗೂ. ಆಸನದ ಎತ್ತರ, ಸಂಕೋಲೆ, ನಿಂತು ನೋಡುವ ಜನ ಇದ್ದರೆ ಸಾಕು, ಉದ್ದದ ಮಾತು ಬೇಡ. 2ಡಿಯಲ್ಲಿ ಇದನ್ನು ಮಾಡಲು ಖರ್ಚೂ ಇಲ್ಲ.

ಅದೇ ಆಟದ ಐರನ್ ಬುಲ್ ಮತ್ತೊಂದು ಪಾಠ. ಹಗಲು ನೀವು ಆಳುತ್ತೀರಿ, ಏಕಾಂತದಲ್ಲಿ ಅವನು. ಅವನು ಶುರುವಿನಲ್ಲೇ ಒಂದು ಕಾವಲು ಪದ ಕೊಡುತ್ತಾನೆ, "ಕಾಟೋ" ಎಂದರೆ ಅಲ್ಲಿಗೆ ನಿಂತಿತು. ಒಪ್ಪಂದ ಮೊದಲೇ ಬಾಯಿಬಿಟ್ಟು ಹೇಳಿದ್ದರಿಂದ ಆ ಸಂಬಂಧ ಆಟದಲ್ಲೇ ಹೆಚ್ಚು ಸ್ಪಷ್ಟ. ಆದರೆ ಅವನ ಸೈನಿಕರಾದ ಚಾರ್ಜರ್ಸ್‌ರನ್ನು ಕುನ್ (ಅವನ ಜನ ಪಾಲಿಸುವ ವ್ಯವಸ್ಥೆ) ಜೊತೆಗಿನ ಮೈತ್ರಿಗಾಗಿ ಬಲಿ ಕೊಟ್ಟರೆ, 2015ರ ಟ್ರೆಸ್‌ಪಾಸರ್ ಡಿಎಲ್‌ಸಿಯಲ್ಲಿ ಅವನು ತಿರುಗಿ ಬೀಳುತ್ತಾನೆ, ಪ್ರೇಮಿಯಾಗಿದ್ದರೂ ಸರಿ. ನಾಯಕನಾಗಿ ಮಾಡಿದ್ದನ್ನು ಪ್ರೇಮಿಯಾಗಿ ತೀರಿಸಲಾಗುವುದಿಲ್ಲ. ಬೈನರಿ ಫ್ಲ್ಯಾಗ್ ಒಂದರಿಂದ ಸಾಧ್ಯವಾದ ಪರಿಣಾಮ ಇದು.

ನಿಮಗೆ ಮಾಡಬಹುದಾದದ್ದು: ಪ್ರೇಮ ಶುರುವಾದ ಮೇಲೆ ಅಪಾಯದ ಕೆಲಸಗಳಿಗೆ ಒಂದು ಎಣಿಕೆ ಇಡಿ. ಐದು ಅಪಾಯದ ಕ್ವೆಸ್ಟ್‌ಗಳಲ್ಲಿ ನಾಲ್ಕಕ್ಕೆ ಅವಳನ್ನು ಕ್ಯಾಂಪ್‌ನಲ್ಲೇ ಬಿಟ್ಟರೆ ಅವಳು ಬಂದು ಕೇಳಬೇಕು, "ನಾನು ಸೈನಿಕಳಾ, ನಿನ್ನ ಗಂಟುಮೂಟೆಯಾ?" ಐದಕ್ಕೆ ಐದಕ್ಕೂ ಕರೆದೊಯ್ದರೆ ಬೇರೊಬ್ಬ ಜೊತೆಗಾರ ಬಂದು ಪಾಲಿನ ಬಗ್ಗೆ ಗೊಣಗಬೇಕು. ಗೊಣಗುವವರು ಕನಿಷ್ಠ ಇಬ್ಬರಿರಲಿ, ಇಬ್ಬರ ಕಾರಣವೂ ಬೇರೆ ಇರಲಿ. ಒಬ್ಬನಿಗೆ ಲೂಟಿಯ ಪಾಲಿನ ಚಿಂತೆ, ಇನ್ನೊಬ್ಬಳಿಗೆ ಗೆಳತಿಯ ಚಿಂತೆ. ಗೆಳತಿಯ ಮಾತು ನಾಯಕನ ಮುಂದೆ ಬರಬಾರದು. ಆಟಗಾರ ಹಾದುಹೋಗುವಾಗ ಕಿವಿಗೆ ಬೀಳಬೇಕು.

---

ದಾಳಗಾತಿ ಉತ್ತರ

ಒಪ್ಪಂದ ಮುಗಿಯೋತನಕ ಬೀಗ ಹಾಕೋದರ ಬಗ್ಗೆ ಎರಡು ಮಾತು.

2019ರ ಫೈರ್ ಎಂಬ್ಲಮ್: ತ್ರೀ ಹೌಸಸ್‌ನಲ್ಲಿ ಆಟಗಾರನ ಪಾತ್ರ ಬೈಲೆತ್ ಮೇಷ್ಟ್ರು, ಜೊತೆಗಾರರಲ್ಲಿ ಬಹುಪಾಲು ಅವರ ವಿದ್ಯಾರ್ಥಿಗಳು. ಹಾಗಾಗಿ ಎಸ್ ಹಂತದ (ಎಲ್ಲಕ್ಕಿಂತ ಮೇಲಿನ, ಪ್ರೇಮದ) ಸಂಬಂಧವನ್ನ ಐದು ವರ್ಷದ ಜಿಗಿತ ಆದ ಮೇಲೆ, ಆಟದ ಕೊನೆಗೆ ಇಟ್ಟಿದ್ದಾರೆ. ವಯಸ್ಸಿನ ಪ್ರಶ್ನೆಗೆ ಅದು ಉತ್ತರ. ಅಧಿಕಾರದ ಪ್ರಶ್ನೆಗೆ ಅಲ್ಲ. ಐದು ವರ್ಷ ಕಳೆದು ಬಂದ ಬೈಲೆತ್ ಅದೇ ಜನಕ್ಕೆ ಯುದ್ಧದಲ್ಲಿ ಆಜ್ಞೆ ಕೊಡ್ತಿದ್ದಾರೆ, ಬಹಳ ಜನ ಇನ್ನೂ "ಪ್ರೊಫೆಸರ್" ಅಂತಲೇ ಕರೀತಾರೆ. ಕಾಲ ಕಳೆದ ಮಾತ್ರಕ್ಕೆ ಕುರ್ಚಿ ಖಾಲಿಯಾಗಲ್ಲ. ಇನ್ನೊಂದು ನಷ್ಟ, ಎಸ್ ಹಂತ ಕೊನೆಗೆ ಬರೋದರಿಂದ ಪಡೆಬರಹ ಅವರು ಹೇಳಿದ "ಆಮೇಲಿನ" ಭಾಗವೇ ಇರಲ್ಲ. ಬೀಗ ಹಾಕಿದರೆ ನಿಮಗೂ ಅದೇ ಗತಿ.

ಇನ್ನೊಂದು ದಾರಿ ಇದೆ, ಮೂವರಲ್ಲಿ ಒಬ್ಬರನ್ನ ನಾಯಕನ ಮೇಲಿಡಿ. 2021ರ ಪಾತ್‌ಫೈಂಡರ್: ರ‍್ಯಾತ್ ಆಫ್ ದ ರೈಚಿಯಸ್‌ನಲ್ಲಿ ನಿಮ್ಮನ್ನ ಸೇನಾಪತಿ ಮಾಡಿದ ರಾಣಿ ಗಾಲ್ಫ್ರಿ ಜೊತೆಗೇ ಪ್ರೇಮ ಸಾಧ್ಯ. ಅಲ್ಲಿ ಆಟಗಾರ ಕೆಳಗಿನವನು. ನಿಮ್ಮ ಪಡೆಗೆ ದುಡ್ಡು ಕೊಡುವ ಗುತ್ತಿಗೆದಾರಳೋ, ಲೆಕ್ಕ ತಪಾಸಣೆಗೆ ಬಂದವಳೋ ಇದ್ದರೆ, "ಬೇಡ ಅಂದರೆ ಗುತ್ತಿಗೆ ಹೋಗುತ್ತಾ?" ಅನ್ನೋ ಅಳುಕು ಆಟಗಾರನಿಗೇ ಹುಟ್ಟುತ್ತೆ. ಆ ದೃಶ್ಯ ಆಡಿದವರಿಗೆ ಮಿಕ್ಕ ಇಬ್ಬರ ಪಾಡು ಬೇರೆ ವಿವರಣೆ ಇಲ್ಲದೆ ಅರ್ಥ ಆಗುತ್ತೆ.

ಇದೇ ಕತೆಯನ್ನ ಯಾರಾದರೂ ಮೇಜಿನ ಮೇಲೆ, ದಾಳ ಹಾಕಿ ಆಡಿಸೋರಿದ್ದರೆ ಅವರಿಗೆ: ಅಲ್ಲಿ ಅಧಿಕಾರ ಎರಡು ಪದರ. ನಾಯಕ ಪಾತ್ರ ಆಡೋರದು ಒಂದು, ಜೊತೆಗಾತಿಯನ್ನ ನಡೆಸುವ ಡಿಎಂದು (ಆಟ ನಡೆಸಿಕೊಡುವವರು) ಇನ್ನೊಂದು. ಮೊದಲ ಕೂಟದಲ್ಲೇ ಯಾವುದು ಬರಲೇಬಾರದು, ಯಾವುದು ತೆರೆಯ ಹಿಂದೆ ನಡೆದರೆ ಸಾಕು ಅಂತ ಬರೆದುಕೊಳ್ಳಿ. ಎಕ್ಸ್ ಕಾರ್ಡ್ ಮೇಜಿನ ನಡುವೆ ಇರಲಿ, ಮುಟ್ಟಿದರೆ ದೃಶ್ಯ ಅಲ್ಲಿಗೇ ನಿಲ್ಲಬೇಕು, ಕಾರಣ ಕೇಳೋ ಹಾಗಿಲ್ಲ. ಮನವೊಲಿಸುವ ದಾಳ ಪ್ರೇಮಕ್ಕೆ ಸಲ್ಲದು, 20 ಬಿದ್ದರೂ ಸರಿ.

---

ಹಾದಿಮನೆ

ಎಲ್ಲರಿಗೂ ಧನ್ಯವಾದ. ಹಂಗಿನ ವೇರಿಯಬಲ್ ಸೇರಿಸಾಯ್ತು, ಬೀಗದ ಬದಲು ಇರುಳುಗಾವಲು ಹೇಳಿದ ಹಾಗೆ ಕಾರಣ ಬರೆದಿಡೋದು ಅಂತ ತೀರ್ಮಾನ. ಒಂದು ಉಳೀತು. ಅವಳು ಬೇಡ ಅಂದರೆ ಆಟಗಾರ ಅದನ್ನ ಸೋಲು ಅಂತ ತಿಳಿದು ಹಳೇ ಸೇವ್ ಲೋಡ್ ಮಾಡ್ತಾನೆ. ಆಟೋಸೇವ್ ತೆಗೆದುಬಿಡೋದಾ?

---

ಕಬ್ಬಿಣದಕಡಲೆ ಉತ್ತರ

ಆಟೋಸೇವ್ ತೆಗೆದರೆ ಕರೆಂಟ್ ಹೋದವರ ಶಾಪ ತಟ್ಟುತ್ತೆ, ಆ ಕೆಲಸ ಬೇಡ. ಲೋಡ್ ಮಾಡೋದಕ್ಕೆ ಕಾರಣ ಬೇರೆ. ನಿರಾಕರಣೆ ಆದ ಮೇಲೆ ಆಟದಲ್ಲಿ ಅವಳ ಕತೆಯೇ ಇರೋದಿಲ್ಲ, ಅದಕ್ಕೆ.

ನಿರಾಕರಣೆಯನ್ನ ಚೆನ್ನಾಗಿ ಬರೆದಿರೋ ಪಾತ್ರ ಮಾಸ್ ಎಫೆಕ್ಟ್ 2ರ ಸಮಾರಾ. ಪಡೆ ಸೇರುವಾಗ ಶೆಪರ್ಡ್ ಹೇಳಿದ ಹಾಗೆ ಕೇಳ್ತೀನಿ ಅಂತ ಪ್ರಮಾಣ ಮಾಡಿದವಳು, ಅಂದರೆ ಹಡಗಿನಲ್ಲಿ ಅವಳಷ್ಟು ಪೂರ್ತಿಯಾಗಿ ಆಜ್ಞೆಗೆ ಒಳಪಟ್ಟವರು ಬೇರೆ ಇಲ್ಲ. ಆದರೂ ಪ್ರೇಮದ ಮಾತೆತ್ತಿದರೆ ಮರ್ಯಾದೆಯಿಂದ ಬೇಡ ಅಂತಾಳೆ. ನಿಷ್ಠೆ ಒಂದು ಎಳೆಯಷ್ಟೂ ಕಮ್ಮಿ ಆಗಲ್ಲ, ಯುದ್ಧದಲ್ಲಿ ಹಾಗೇ ನಿಲ್ತಾಳೆ. ಆಜ್ಞೆ ಎಲ್ಲೀತನಕ, ಅವಳ ಬದುಕು ಎಲ್ಲಿಂದ ಅನ್ನೋ ಗೆರೆ ಅಷ್ಟು ಸ್ಪಷ್ಟ. ಅದೇ ಆಟದ ಜ್ಯಾಕ್ ಇದರ ಉಲ್ಟಾ. ಅವಳು ಮೊದಲೇ ಮೈ ಒಡ್ಡಿದಾಗ ಹೌದು ಅಂದುಬಿಟ್ಟರೆ ಮುಂದಿನ ಪ್ರೇಮದ ದಾರಿಯೇ ಮುಚ್ಚಿಹೋಗುತ್ತೆ. ಬೇಗ ಸಿಕ್ಕ ಒಪ್ಪಿಗೆಯೇ ಅಲ್ಲಿ ಸೋಲು, ಕಾಯುವವನಿಗೇ ದಾರಿ.

ಪದಗಳನ್ನ ಹೀಗೆ ಹಂಚಿ ನೋಡಿ. ಸ್ನೇಹ ಮತ್ತು ಅವಳ ಕ್ವೆಸ್ಟ್‌ಗೆ 5,000. ಪ್ರೇಮದ ಭಾಗಕ್ಕೆ 2,500. ಒಪ್ಪಿದ ಮೇಲಿನ ಆಜ್ಞೆ, ಜಗಳ, ಉಳಿದವರ ಗೊಣಗಾಟಕ್ಕೆ 2,000. ನಿರಾಕರಣೆ ಮತ್ತು ಅದರ ಆಚೆಗಿನ ಸ್ನೇಹಕ್ಕೆ 1,500. ಮುರಿದುಬಿದ್ದರೆ 1,000. ಅಲ್ಲಿಗೆ 12,000. ಸಾಮಾನ್ಯವಾಗಿ ಬರಹಗಾರರು ಪ್ರೇಮದ ದೃಶ್ಯಕ್ಕೇ ಅರ್ಧ ಸುರಿದು, ನಿರಾಕರಣೆಗೆ 80 ಪದ ಇಡ್ತಾರೆ. ಲೋಡ್ ಬಟನ್ ಒತ್ತಿಸೋದು ಆ 80 ಪದ.

ನಿರಾಕರಣೆಯಲ್ಲೂ ಮೂರು ಬಗೆ ಬರೀರಿ. ಈಗ ಬೇಡ (ಒಲವಿದೆ, ನಂಬಿಕೆ ಕಮ್ಮಿ). ನಾಯಕನಾಗಿರೋತನಕ ಬೇಡ (ಒಲವು, ನಂಬಿಕೆ ಎರಡೂ ಇವೆ, ಹಂಗು ಜಾಸ್ತಿ ಅಂತ ಅವಳಿಗೇ ಗೊತ್ತು). ನೀನು ಬೇಡ (ಒಲವೇ ಇಲ್ಲ). ಮೂರನೆಯದನ್ನ ಯಾವ ಅಂಕದಿಂದಲೂ ತೆರೆಯೋಕೆ ಆಗದ ಹಾಗೆ ಒಬ್ಬ ಪಾತ್ರಕ್ಕಾದರೂ ಖಾಯಂ ಮಾಡಿ. ಮತ್ತೆ ಕೇಳಿದರೆ ಒಲವಿನಿಂದ ಏನೂ ಕಳೀಬೇಡಿ, ನಂಬಿಕೆಯಿಂದ 2 ಕಳೀರಿ.

---

ಇರುಳುಗಾವಲು ಉತ್ತರ

ಒಂದು ಸೇರಿಸ್ತೀನಿ, ಉಡುಗೊರೆ ಉಲ್ಟಾ ದಿಕ್ಕಿನಲ್ಲೂ ಬರಲಿ. ಆರಿಜಿನ್ಸ್‌ನಲ್ಲಿ ಜೊತೆಗಾತಿ ಮಾರಿಗನ್ ನಿಮಗೆ ಉಂಗುರ ಕೊಡ್ತಾಳೆ, ಅದರ ಗುಟ್ಟು ಏನು ಅಂದರೆ ನೀವು ಎಲ್ಲಿದ್ದರೂ ಅವಳು ಹುಡುಕಬಲ್ಲಳು. ನಿಮ್ಮ ಮೇಲೇ ಅವಳಿಗೊಂದು ಹಿಡಿತ. ಜ಼ೆವ್ರಾನ್ ಕೂಡ, ನಿಮ್ಮನ್ನ ಕೊಲ್ಲೋಕೆ ಬಂದು ಸೋತು, ಜೀವ ಉಳಿಸಿಕೊಳ್ಳೋಕೆ ನಿಮ್ಮ ಕೆಲಸಕ್ಕೆ ಸೇರಿದವನು. ಶುರುವಿನಿಂದಲೇ ಸರಸ ಆಡ್ತಾನೆ, ಮೈ ಕೊಡೋದು ಅವನಿಗೆ ದೊಡ್ಡದಲ್ಲ. ಕಿವಿಯೋಲೆ ಕೊಡೋವಾಗ ಮಾತ್ರ ತಡವರಿಸ್ತಾನೆ. ಅವನ ಮಟ್ಟಿಗೆ ಪ್ರೇಮದ ದೃಶ್ಯ ಅದು. ಅವನ ಮನಸ್ಸು ಗೆಲ್ಲದೆ ಹೋದರೆ ಡೆನೆರಿಮ್‌ನಲ್ಲಿ ಹಳೇ ಜೊತೆಗಾರ ಟ್ಯಾಲಿಸಿನ್ ಬಂದಾಗ ಆ ಕಡೆ ಸೇರಿ ನಿಮ್ಮ ಮೇಲೇ ಕತ್ತಿ ಎತ್ತಬಹುದು.

ಅದೇ ಆಟದ ಆಲಿಸ್ಟೇರ್‌ನ ಮರೀಬೇಡಿ. ಪಡೆಯಲ್ಲಿ ನಿಮಗಿಂತ ಹಳಬ, ನಾಯಕತ್ವ ತಾನೇ ಬಿಟ್ಟುಕೊಟ್ಟವನು. ಅವನನ್ನ ರಾಜ ಮಾಡಿದರೆ, ನಿಮ್ಮ ಪಾತ್ರ ಮಾನವ ಕುಲೀನ ಹೆಣ್ಣಾಗಿದ್ದರೆ ಮಾತ್ರ ರಾಣಿಯಾಗಬಹುದು, ಉಳಿದವರ ಜೊತೆ ಸಂಬಂಧ ಮುರೀತಾನೆ. ಮುಂಚೆ ಅವನ ಅಕ್ಕನ ಭೇಟಿಯಾದ ಮೇಲೆ ನೀವು ಅವನ ಮನಸ್ಸು ಗಟ್ಟಿ ಮಾಡಿದ್ದರೆ, ಮದುವೆ ಇಲ್ಲದೆ ಸಂಬಂಧ ಮುಂದುವರಿಸಬಹುದು. ನೀವೇ ಏರಿಸಿದ ಅಧಿಕಾರ ನಿಮ್ಮನ್ನೇ ಹೊರಗಿಡುತ್ತೆ. ಕ್ಲೈಮ್ಯಾಕ್ಸ್‌ಗೆ ಇಂಥದ್ದೊಂದು ಇದ್ದರೆ ನಿಮ್ಮ ಪಡೆಯ ಕತೆಗೂ ಚೆಂದ.

---

ಪಡೆಬರಹ ಉತ್ತರ

ಕೊನೆಯದಾಗಿ ಇಂಟರ್‌ಫೇಸ್. ಡೈಲಾಗ್‌ನಲ್ಲಿ ಎಷ್ಟೇ ಸಮಾನತೆ ಬರೆದರೂ, ಮೆನು ತೆರೆದು ಅವಳ ಕವಚ ಕಳಚಿ ಬೇರೆಯವರಿಗೆ ತೊಡಿಸುವುದು ಒಂದು ಕ್ಲಿಕ್‌ನ ಕೆಲಸ. ಸಂಬಂಧ ಮುರಿದ ಮೇಲೂ ಆ ಕ್ಲಿಕ್ ಹಾಗೇ ಇರುತ್ತದೆ. ಪ್ರತಿ ಜೊತೆಗಾರರಿಗೂ ಒಂದು ಖಾನೆಗೆ ಆಟಗಾರ ಮುಟ್ಟದಂತೆ ಬೀಗ ಹಾಕಿ, ಅದರಲ್ಲಿ ಏನಿರಬೇಕೆಂದು ಪಾತ್ರವೇ ತೀರ್ಮಾನಿಸಲಿ. ಮುರಿದುಬಿದ್ದ ಮರುದಿನ ಅವಳ ಪೂರ್ತಿ ಸಜ್ಜು ಅವಳದೇ, ನಾಯಕ ಮುಟ್ಟುವಂತಿಲ್ಲ.

ಟೆಸ್ಟ್ ಮಾಡುವಾಗ ಮೂರು ಸಂದರ್ಭ ಖಂಡಿತ ಆಡಿಸಿ ನೋಡಿ, ಕೋಡ್ ಒಡೆಯುವುದು ಅಲ್ಲೇ. ಪ್ರೇಮ ನಡೆಯುತ್ತಿರುವಾಗ ಆಟಗಾರ ಅವಳನ್ನು ಪಡೆಯಿಂದ ತೆಗೆದುಹಾಕಿದರೆ. ಅವಳ ಸಂಬಳ ಎರಡು ತಿಂಗಳು ಬಾಕಿ ಇರುವಾಗ ಪ್ರೇಮದ ಮಾತು ತೆರೆದರೆ. ಅವಳು ಪಾರ್ಟಿಯಲ್ಲಿ ಸತ್ತು, ಅದೇ ರಾತ್ರಿಯ ಕ್ಯಾಂಪ್ ದೃಶ್ಯ ಸರದಿಯಲ್ಲಿ ಕಾಯುತ್ತಿದ್ದರೆ. ಎರಡನೆಯದಕ್ಕೆ ತಪ್ಪದೆ ಒಂದು ಸಾಲು ಬರೆದಿಡಿ: "ಮೊದಲು ನನ್ನ ಬಾಕಿ ಚುಕ್ತಾ ಮಾಡು, ಆಮೇಲೆ ಮಾತಾಡೋಣ."